ಮಾವನ ಮೇಜಿನ ಗಾಜು

ಹೊಸ ಗ್ಯಾಸ್ ಒಲೆಗೆ ಕಪ್ಪು ಗಾಜಿನ ಮೈ. ಬೆಳಿಗ್ಗೆ ಹಾಲಿಟ್ಟಾಗ ಪಾತ್ರೆ ಅದರೊಳಗೆ ತಲೆಕೆಳಗಾಗಿ ಕಂಡಿತು. ನೋಡುತ್ತ ನಿಂತೆ, ಹಾಲು ಉಕ್ಕಿತು, ಬೈಸಿಕೊಂಡೆ. ಏನು ಮಾಡಲಿ ಹೇಳಿ, ಅಷ್ಟರಲ್ಲಿ ನನ್ನ ಮನಸ್ಸು ದೆಹಲಿಯ ಮಯೂರ್ ವಿಹಾರಕ್ಕೆ ಹೋಗಿಬಿಟ್ಟಿತ್ತು.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ದೆಹಲಿಯಲ್ಲಿ ಎಂ.ಎ. ಓದುತ್ತ ಸೋದರತ್ತೆಯ ಫ್ಲ್ಯಾಟಿನಲ್ಲಿದ್ದೆ. ಮಾವ ಕೇಂದ್ರ ಸರ್ಕಾರದ ಕೆಲಸದಿಂದ ಆಗಷ್ಟೇ ನಿವೃತ್ತರಾಗಿ, ಹಗಲೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಅತ್ತೆ ಖಾಲಿ ಬಾಟಲಿಗಳ ಮೇಲೆ ಹೂಬಳ್ಳಿ ಬರೆಯುತ್ತಿದ್ದರು. ಮಾವನ ಪ್ರಕಾರ ಅದು ಟೈಂಪಾಸ್. ಕರಕುಶಲ ವಸ್ತುಗಳ ಅಂಗಡಿಯವಳೊಬ್ಬಳು ಕ್ಯಾಟಲಾಗಿಗೆ ಫೋಟೊ ಕೇಳಿದಳು. ಬಾಟಲಿಯ ಕೆಳಗೆ ಅದರ ಪ್ರತಿಬಿಂಬವೂ ಬೀಳಬೇಕಂತೆ. ಸ್ನೇಹಿತನ ಕ್ಯಾಮೆರಾ ತಂದ ಮಾತ್ರಕ್ಕೆ ನಾನು ಛಾಯಾಗ್ರಾಹಕನಾದೆ.

ಕನ್ನಡಿಯ ಮೇಲಿಟ್ಟರೆ ಒಂದಕ್ಕೊಂದು ಅಂಟಿದ ಎರಡು ಬಿಂಬ. ಸ್ಟೀಲ್ ತಟ್ಟೆಯಲ್ಲಿ ಬಾಟಲಿ ಕುಡಿದವನಂತೆ ಓಲಾಡಿತು. ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ಹೂವಿಗಿಂತ ಕಲ್ಲಿನ ಚುಕ್ಕೆಗಳೇ ಎದ್ದು ಕಂಡವು. ಇದೆಲ್ಲ ನಮಗಲ್ಲ ಎನ್ನುತ್ತ ಅತ್ತೆ ಬಾಟಲಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತತೊಡಗಿದರು.

ಆಗ ಮಾವ ಕೋಣೆಯ ಬಾಗಿಲು ತೆರೆದು ಕರೆದರು. ತಮ್ಮ ಮೇಜಿನ ಮೇಲಿನ ದಪ್ಪ ಗಾಜನ್ನು ಎತ್ತಿ ಹಿಡಿದು, ಇದು ಆದೀತೇ ನೋಡು ಎಂದರು. ಕಚೇರಿಯ ಮೇಜಿಗೆಂದು ತಾವೇ ಕೊಂಡಿದ್ದ ಗಾಜು. ನಿವೃತ್ತಿಯ ದಿನ ಮನೆಗೆ ತಂದಿದ್ದರು. ಅಡಿಯಲ್ಲಿದ್ದ ಕ್ಯಾಲೆಂಡರು, ಚೀಟಿಗಳೆಲ್ಲ ಉದುರಿದವು. ಮೂಲೆಯಲ್ಲೊಂದು ಫೋಟೊ ಮಾತ್ರ ಗಾಜಿಗೆ ಅಂಟಿಕೊಂಡೇ ಇತ್ತು. ಎರಡು ಜಡೆಯ ಹುಡುಗಿ, ಕೈಯಲ್ಲಿ ಕುಂಚ. ನಮ್ಮ ಅತ್ತೆ.

"ಇದು ಎಲ್ಲಿತ್ತು?" ಅತ್ತೆ ಕೇಳಿದರು.

"ಆಫೀಸಿನಲ್ಲಿ. ಮೊದಲಿಂದಲೂ," ಎಂದರು ಮಾವ, ಗಾಜಿನ ಧೂಳು ಒರೆಸುತ್ತ.

ಕಿತ್ತರೆ ಹರಿಯುವಂತಿತ್ತು. ಇರಲಿ ಬಿಡು ಎಂದರು ಅತ್ತೆ. ಗಾಜಿನಡಿ ಕಪ್ಪು ಕಾಗದ ಹಾಸಿ, ಬಾಟಲಿಯನ್ನು ಇನ್ನೊಂದು ತುದಿಗಿಟ್ಟೆ. ಮಾವ ಥರ್ಮಕೋಲ್ ಹಲಗೆ ಹಿಡಿದು ಕಿಟಕಿಯ ಬೆಳಕನ್ನು ಇತ್ತ ತಿರುಗಿಸಿದರು. ಹೂಬಳ್ಳಿ ಕಪ್ಪಿನೊಳಗೆ ಮೆಲ್ಲಗೆ, ಅಲುಗದೆ ಇಳಿಯಿತು. ಅತ್ತೆ ಆ ಫೋಟೊದತ್ತ ಮತ್ತೆ ನೋಡಲಿಲ್ಲ. ಸುತ್ತಿಟ್ಟಿದ್ದ ಬಾಟಲಿಗಳನ್ನು ಮಾತ್ರ ಒಂದೊಂದಾಗಿ ಬಿಚ್ಚಿದರು.

ಅಂಗಡಿಯವಳಿಗೆ ಚಿತ್ರಗಳು ಹಿಡಿಸಿದವು. ಮುಂದೆ ಕೆಲವು ದೀಪಾವಳಿಗಳ ತನಕ ಬಾಟಲಿಗಳು ಹೋಗುತ್ತಲೇ ಇದ್ದವು. ಪಾರ್ಸೆಲ್ ಕಟ್ಟಿ, ಆಟೊದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದವರು ಮಾವ. "ಭಯ್ಯಾ, ಆರಾಮ್ ಸೆ" ಎಂದು ದಾರಿಯುದ್ದಕ್ಕೂ ಆಟೊದವನ ವೇಗ ತಗ್ಗಿಸುತ್ತಿದ್ದರಂತೆ.

ಮಾವ ಈಗಿಲ್ಲ. ತಿಂಡಿಯಾದ ಮೇಲೆ ಅತ್ತೆಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಆ ಫೋಟೊದ ವಿಷಯ ಮಾವ ಆಮೇಲೆ ಏನಾದರೂ ಹೇಳಿದರೇ ಎಂದು ಕೇಳಿದೆ.

"ಇಲ್ಲಪ್ಪ. ನಾನೂ ಕೇಳಲಿಲ್ಲ," ಎಂದರು. "ಆದರೆ ಆವತ್ತಿಂದ ರೂಮಿನ ಬಾಗಿಲು ಹಾಕಿಕೊಂಡು ಕೂರೋದು ಬಿಟ್ಟರು."

ಆ ಬಾಗಿಲ ಮುಂದೆಯೇ ದಿನಾ ಓಡಾಡುತ್ತಿದ್ದವನು ನಾನು. ಅದು ತೆರೆದಿದ್ದುದು ಇವತ್ತಷ್ಟೇ ಕಂಡಿತು.