ಹಳ್ಳದ ಬಳಿ ನಿಂತ ಕಾರು

ನರಗುಂದದ ಗ್ಯಾರೇಜಿನಲ್ಲಿ ನಮ್ಮ ಜೀಪಿನ ಪಂಕ್ಚರ್ ಹಾಕುತ್ತಿದ್ದರು. ಪಕ್ಕದಲ್ಲಿ ಹಳೆಯ ಅಮೆರಿಕನ್ ಕಾರೊಂದು ನಿಂತಿತ್ತು. ಬೂದಿ ಬಣ್ಣದ್ದು; ಆದರೆ ರೋಣದ ದಾರಿಯಲ್ಲಿ ಇದನ್ನು ಬರೆಯುವ ಹೊತ್ತಿಗಾಗಲೇ ಅದು ನೀಲಿಯಿತ್ತೇನೋ ಅನ್ನಿಸುತ್ತಿದೆ. ಲಕ್ಕಲಕಟ್ಟಿಯ ಅಣ್ಣತಮ್ಮಂದಿರಿಬ್ಬರು ಅದನ್ನು ಮಾರುವ ವಿಷಯಕ್ಕೆ ವಾದಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಅವರ ತಾಯಿ ಕೂತಿದ್ದರು.

“ಜಪಾನಿ ಗಾಡಿ ತಗೊಳ್ಳೂಣು. ಇದರ ಸಾಮಾನ ಈಗ ಎಲ್ಲೂ ಸಿಗೂದಿಲ್ಲ,” ಎಂದ ಅಣ್ಣ.

“ಇದರ ಕಬ್ಬಿಣ ನೋಡಣ್ಣ. ಎಂಥಾ ರಸ್ತಾದಾಗೂ ಅಳ್ಳಾಡಂಗಿಲ್ಲ,” ಎಂದ ತಮ್ಮ.

ಮೆಕ್ಯಾನಿಕ್ ತಲೆ ಎತ್ತದೆಯೇ ಹೇಳಿದ: “ಎರಡೂ ಪರದೇಶದ್ವರಿ. ನಮ್ಮ ರಸ್ತಾದ ತಗ್ಗು ಯಾವುದನ್ನೂ ಬೀಗರಂತ ನೋಡಂಗಿಲ್ಲ.”

ಅಣ್ಣ ನಗಲಿಲ್ಲ. “ಅಪ್ಪನ್ನ ದವಾಖಾನಿಗೆ ಒಯ್ಯುವಾಗ ಹಳ್ಳದ ಹತ್ರ ಕೆಟ್ಟು ನಿಂತ ಗಾಡಿ ಇದು. ಜಪಾನಿದಿದ್ರ ಅಪ್ಪ ಉಳೀತಿದ್ದ.”

ಅಂದು ಕಾರು ಓಡಿಸಿದವನು ತಮ್ಮ. ಇಷ್ಟು ಹೊತ್ತು ಕಾರಿನ ಪರ ಮಾತಾಡಿದವನು ಈಗ ಬಗ್ಗಿ ಅದರ ಟೈರು ನೋಡತೊಡಗಿದ.

ತಾಯಿ ಕಿಟಕಿಯಿಂದ ಹೇಳಿದರು: “ಗಾಡಿ ಕೆಟ್ಟಿರಲಿಲ್ಲಪಾ. ನಿಮ್ಮಪ್ಪ ನೀರು ಬೇಡಿದ್ರು, ನಾನ ನಿಂದ್ರಸಂದೆ. ನಿನ್ನ ತಮ್ಮ ಹಳ್ಳಕ್ಕ ಇಳದು ನೀರು ತರೂದ್ರಾಗ ಹೋಗಿಬಿಟ್ರು. ನನ್ನ ಸಲುವಾಗಿ ಇವ ತಪ್ಪನ್ನ ಗಾಡಿ ಮ್ಯಾಲ ಹಾಕ್ಯಾನ.”

ಅಣ್ಣನ ಮುಖ ಹೇಗಾಯಿತೆಂದು ಬರೆಯಲಾರೆ; ನಾನು ನೋಡುತ್ತಿದ್ದುದು ಅವನ ಕೈಯನ್ನು. ಅದು ಕಾರಿನ ಬಾನೆಟ್ಟಿನ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ನೀರಿನ ಬಾಟಲಿಯ ಮುಚ್ಚಳ ತೆಗೆದು ಕಿಟಕಿಯೊಳಗೆ ಚಾಚಿತು.

“ಕುಡೀಬೇ ಯವ್ವಾ,” ಎಂದ.