ತಾರಸಿಯ ಮೇಲೆ ಪಂಕ್ತಿಭೇದ

ಮೂರು ವಾರ ನಾನು ನಮ್ಮ ಮನೆಯ ತಾರಸಿ ಮೇಲೆ ವಿಜ್ಞಾನಕ್ಕೆ ಮೋಸ ಮಾಡಿದ್ದೇನೆ. ಬೇರೆಯವರ ಬಾಯಲ್ಲಿ ನೀವು ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು.

ನನ್ನ ಮೊಮ್ಮಗಳು ಸಿಂಚನ ಗಿಡಗಳ ಮೇಲೆ ರಿಸರ್ಚ್ ಮಾಡುತ್ತಿದ್ದಾಳೆ. (ನಾನು ನಾಲ್ಕನೇ ಕ್ಲಾಸು. ಈ ಅಂಕಣದ ಒತ್ತಕ್ಷರಗಳನ್ನು ಪತ್ರಿಕೆಯವರೇ ಸರಿ ಮಾಡಿಕೊಳ್ಳುತ್ತಾರೆ.) ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಒಂದು ಕಿರಣ ಇದೆಯಂತೆ, ಅಲ್ಟ್ರಾವಯಲೆಟ್ ಅಂತ. ಸಲಿಗೆಯಲ್ಲಿ ಯುವಿ. ಬೆಟ್ಟ ಹತ್ತಿದಷ್ಟೂ ಅದು ಜಾಸ್ತಿ. ಅದು ಬಿದ್ದರೆ ಬೆಟ್ಟದ ಕಾಡಿನ ಸಸಿಗಳು ಹೇಗೆ ಬೆಳೆಯುತ್ತವೆ ಅನ್ನುವುದು ಅವಳ ಪ್ರಶ್ನೆ.

ಒಂದಷ್ಟು ಸಸಿಗಳನ್ನು ಮೇಲೆ ಕೆಮ್ಮಣ್ಣುಗುಂಡಿ ಕಡೆ ಇಟ್ಟಳು. ಹೋಲಿಸಿ ನೋಡಲು ಬೆಟ್ಟದ ಬುಡದಲ್ಲೊಂದು ಜಾಗ ಬೇಕಿತ್ತು. ತರೀಕೆರೆಯ ನಮ್ಮ ತಾರಸಿ ಇದೆಯಲ್ಲ! ನಲವತ್ತು ಕಾಡುನೇರಳೆ ಸಸಿ ಬಂದವು. ಅಳೆಯಲು ಪ್ರತಿ ಭಾನುವಾರ ಅವಳೂ ಬರಬೇಕು. ವರ್ಷಕ್ಕೆರಡು ಸಲ ಮುಖ ತೋರಿಸುತ್ತಿದ್ದ ಹುಡುಗಿ. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತದಾ?

ಸಸಿಗಳನ್ನು ಎರಡು ಸಾಲು ಮಾಡಿದಳು. ಎರಡರ ಮೇಲೂ ಗಾಜಿನಂಥ ಪ್ಲಾಸ್ಟಿಕ್ ಹಾಳೆಯ ಚೌಕಟ್ಟು. ನೋಡಲು ಎರಡೂ ಒಂದೇ. ಆದರೆ ಒಂದು ಹಾಳೆ ಯುವಿಯನ್ನು ಒಳಗೆ ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ನೀರು ಹಾಕು, ಬೇರೇನೂ ಮಾಡಬೇಡ ಅಂತ ನನಗೆ ಆರ್ಡರ್ ಆಯಿತು.

ಪಾಪದವಕ್ಕೆ ಸನ್‌ಸ್ಕ್ರೀನ್ ಹಚ್ಚೋಣವಾ ಅಂತ ಕೇಳಿದೆ. ಅವು ತಮ್ಮ ಕ್ರೀಮು ತಾವೇ ಎಲೆಯೊಳಗೆ ಮಾಡಿಕೊಳ್ಳುತ್ತವಂತೆ. (ನಮ್ಮ ಮನೆಯಲ್ಲಿ ಮನುಷ್ಯರ ಕ್ರೀಮಿಗೇ ಒಂದು ಶೆಲ್ಫ್ ಹೋಗಿದೆ.)

ತಿಂಗಳಾಗುವಷ್ಟರಲ್ಲಿ ಒಂದು ಸಾಲು ಸರಸರನೆ ಉದ್ದವಾಯಿತು. ಯುವಿ ಬೀಳುವ ಸಾಲು ಕುಳ್ಳಗೆ, ದಪ್ಪ ಎಲೆ ಬಿಟ್ಟುಕೊಂಡು ಕೂತಿತ್ತು. ಇದು ಯಾವ ನ್ಯಾಯ? ಅಜ್ಜಂಪುರದಿಂದ ಕಡೂರಿನವರೆಗೆ ನಲವತ್ತು ವರ್ಷ ಮದುವೆ ಮನೆಗಳಲ್ಲಿ ಅಡುಗೆ ಮಾಡಿ ಬಡಿಸಿದವನು ನಾನು. ಗಂಡಿನ ಕಡೆಯವರಿಗೆ ಎರಡು ಹೋಳಿಗೆ, ಹೆಣ್ಣಿನ ಕಡೆಗೆ ಒಂದೇ ಸಾಕು ಎಂದ ಯಜಮಾನನ ಎದುರೇ ಸೌಟು ಕೆಳಗಿಟ್ಟವನು. ನನ್ನ ತಾರಸಿಯಲ್ಲೇ ಪಂಕ್ತಿಭೇದವೇ?

ದಿನ ಬಿಟ್ಟು ದಿನ ಚೌಕಟ್ಟುಗಳನ್ನು ಅದಲುಬದಲು ಮಾಡತೊಡಗಿದೆ. ಶನಿವಾರ ಸಂಜೆ ಮಾತ್ರ ಮೊದಲಿನ ಜಾಗಕ್ಕೇ ಇಡುತ್ತಿದ್ದೆ. (ತಪ್ಪು ಅಂತ ಗೊತ್ತಿತ್ತಾ? ಚೂರು.) ನನ್ನ ಹೆಂಡತಿ ನೋಡಿ, ಹಾಗೇ ಎಲೆಯಡಿಕೆಯನ್ನೂ ಕೊಟ್ಟು ಕಳಿಸಿ ಅಂತ ಹಂಗಿಸಿದಳು.

ಹೀಗೆ ಶುರು ಮಾಡಿದ ಮೇಲಿನ ಮೂರನೇ ಭಾನುವಾರ ಸಿಂಚನ ಸ್ಕೇಲು ಹಿಡಿದು ಅಳೆದಳು. ಮತ್ತೆ ಅಳೆದಳು. ಕುಳ್ಳರು ಉದ್ದವಾಗುತ್ತಿದ್ದರು, ಉದ್ದದವರು ನಿಂತುಬಿಟ್ಟಿದ್ದರು. ಅವಳ ಕಣ್ಣು ಅರಳಿತು. ಈ ಜಾತಿಯ ಸಸಿ ಇಷ್ಟು ಬೇಗ ಯುವಿಗೆ ಒಗ್ಗಿಕೊಳ್ಳುತ್ತದೆ ಅಂತ ಯಾರೂ ಹೇಳಿಲ್ಲ ಎನ್ನುತ್ತಾ ಲ್ಯಾಪ್‌ಟಾಪ್ ತೆಗೆದು ತನ್ನ ಗೈಡಿಗೆ ಬರೆಯಲು ಕೂತಳು.

ನಾನು ಉಬ್ಬಿಹೋದೆ. ನನ್ನ ಮೊಮ್ಮಗಳು, ನನ್ನ ತಾರಸಿ, ಹೊಸ ವಿಷಯ! ಕೇಸರಿಬಾತಿಗೆ ರವೆ ಹುರಿಯಲು ಇಟ್ಟೆ. ರವೆ ಕೆಂಪಗಾಗುವ ಹೊತ್ತಿಗೆ ತಲೆಗೆ ಹೊಳೆಯಿತು. ಇದು ಸಸಿಯ ಗುಣವಲ್ಲ, ನನ್ನ ಕೈಗುಣ. ನಾಳೆ ತಿಳಿದವರ ಮುಂದೆ ತಲೆ ತಗ್ಗಿಸಬೇಕಾದವಳು ಮಾತ್ರ ಅವಳು.

ಹೇಳಿದರೆ? ಸಿಟ್ಟಿನಲ್ಲಿ ಕುಂಡಗಳನ್ನು ಎತ್ತಿಕೊಂಡು ಹೋಗುತ್ತಾಳೆ. ನನ್ನ ಭಾನುವಾರಗಳೂ ಅವುಗಳ ಜೊತೆಗೇ ಹೋದವು.

ಒಲೆ ಆರಿಸಿ ಓಡಿದೆ.

"ಕಳಿಸ್ಬೇಡ ಕಣವ್ವ. ನಾನು ಸೀಟು ಬದಲಾಯಿಸ್ಬಿಟ್ಟೆ."

"ಯಾರ ಸೀಟು?"

"ಸಸಿಗಳ್ದು. ಒಂದ್ ಸಾಲಿಗೆ ಅನ್ಯಾಯ ಆಗ್ತಿತ್ತು."

ಅವಳು ಲ್ಯಾಪ್‌ಟಾಪಿನಿಂದ ಕೈ ತೆಗೆದಳು.

"ತಾತ, ಅವು ಊಟಕ್ಕೆ ಬಂದಿದ್ದಲ್ಲ. ಪರೀಕ್ಷೆಗೆ ಕೂತಿದ್ದು."

ಅಂದರೆ ಇಷ್ಟು ದಿನ ನಾನು ಮಾಡಿದ್ದು ಕಾಪಿ ಹೊಡೆಸುವ ಕೆಲಸ.

ಬರೆದದ್ದನ್ನೆಲ್ಲ ಅಳಿಸಿದಳು. ಒಂದು ನೋಟ್‌ಬುಕ್ ತೆಗೆದಳು. ಅದರಲ್ಲಿ 'ಅಡಚಣೆಗಳು' ಅಂತ ಒಂದು ಪುಟ. ಆಲಿಕಲ್ಲು ಮಳೆ, ಹಾಳಾದದ್ದು ಎರಡು ಸಸಿ. ಕೋತಿ, ಒಂದು ಸಸಿ. ಅದರ ಕೆಳಗೆ ಹೊಸದಾಗಿ ಬರೆದಳು: ತಾತ, ಉಳಿದದ್ದೆಲ್ಲ. ಬರೆದು ಮುಗಿಸುವಷ್ಟರಲ್ಲಿ ನಗು ತಡೆಯಲಾರದೆ ಪೆನ್ನು ಬೀಳಿಸಿದಳು.

ಈಗ ಹೊಸ ಸಸಿಗಳು ಬರುತ್ತಿವೆ. ಎಲ್ಲ ಮೊದಲಿನಿಂದ ಶುರು. (ಚೌಕಟ್ಟಿಗೆ ಈ ಸಲ ಬೀಗ.) ಮತ್ತೆ ತಿಂಗಳುಗಟ್ಟಲೆ, ಒಂದು ಭಾನುವಾರವೂ ತಪ್ಪದಂತೆ ಅವಳು ಬರಲೇಬೇಕು.

ತಪ್ಪು ಮಾಡಿದವನು ಪಶ್ಚಾತ್ತಾಪ ಪಡಬೇಕು, ಒಪ್ಪಿದೆ. ಆದರೆ ಇಷ್ಟು ಖುಷಿ ಇಟ್ಟುಕೊಂಡು ಅದನ್ನು ಪಡುವುದು ಹೇಗೆ ಅಂತ ಯಾರಾದರೂ ಹೇಳಿಕೊಡುತ್ತೀರಾ?