ಅಣ್ಣ ತಂಗಿ ಕೂಗಿದ ಕುದುರೆ ಮರಿ

ಕೇಳಿ, ಪ್ರಿಯರೇ! ಕೈಯಲ್ಲಿರುವ ಕೆಲಸವನ್ನು ಅರೆಗಳಿಗೆ ಪಕ್ಕಕ್ಕಿಟ್ಟು ಕಿವಿಗೊಟ್ಟು ಕೇಳಿ. ಇದು ಪಣ ಕಟ್ಟಿ ಮನೆಮಾರು ಕಳೆದುಕೊಂಡವರ ಕಥೆಯಲ್ಲ. ನಲವತ್ತು ವರ್ಷ ಪರರ ಕುದುರೆಗಳ ಕಾಲು ಹಿಡಿದು ಬಾಳಿದರೂ ತನ್ನದೆನ್ನುವ ಒಂದು ಕುದುರೆಯ ಬೆನ್ನು ತಟ್ಟದ ಲಾಳಗಾರನ ಕಥೆ.

ಅವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಅವನ ಕಿವಿ ದೊಡ್ಡದೆಂದಲ್ಲ. ಕುದುರೆಯ ಗುಣವನ್ನು ಎಲ್ಲರೂ ಕಣ್ಣಿನಿಂದ ಅಳೆದರೆ ಇವನು ಕಲ್ಲುಹಾಸಿನ ಮೇಲೆ ಅದನ್ನು ನಡೆಸಲು ಹೇಳಿ, ತಾನು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನಾಲ್ಕು ಗೊರಸುಗಳೂ ಒಂದೇ ತೂಕದಲ್ಲಿ ನೆಲ ಮುಟ್ಟುತ್ತಿವೆಯೋ, ಒಂದು ಮಾತ್ರ ಅಳುಕುತ್ತಿದೆಯೋ ಎಂದು ಕೇಳುತ್ತಿದ್ದ. ದೇವರು ಕೊಟ್ಟ ಆ ಕಿವಿ ನಲವತ್ತು ವರ್ಷದಲ್ಲಿ ಅವನಿಗೆ ಮೋಸ ಮಾಡಿದ್ದಿಲ್ಲ.

ಹತ್ತು ಮಂದಿ ಕೂಡಿ ಒಂದು ಪಂದ್ಯದ ಕುದುರೆ ಕೊಳ್ಳುವ ಯೋಚನೆ ಹುಟ್ಟಿದ್ದು ಕ್ಷೌರದ ಅಂಗಡಿಯಲ್ಲಿ. ಕಿವಿಯಣ್ಣನ ಅರ್ಧ ಗಡ್ಡಕ್ಕೆ ಸೋಪು ಬಳಿದು ನಿಂತಿದ್ದ ಕ್ಷೌರಿಕನೇ ಮೊದಲು ಬಾಯಿಬಿಟ್ಟವನು.

“ಹತ್ತು ಜನಕ್ಕೆ ನಾಲ್ಕು ಕಾಲು. ಪಾಲು ಹೇಗೋ ಮಾಡ್ತೀಯ?” ಎಂದು ಕಿವಿಯಣ್ಣ ನಕ್ಕ.

“ನನಗೆ ಕಾಲು ಬೇಡ ಮಾರಾಯ, ಜುಟ್ಟು ಕೊಟ್ಟುಬಿಡು. ಅದನ್ನ ಬಾಚೋಕೆ ನನ್ನ ಬಿಟ್ರೆ ಇನ್ಯಾರಿದ್ದಾರೆ?”

ಹೀಗೆ ನಗುವಿನಲ್ಲಿ ಶುರುವಾದದ್ದು ನಿಜವಾಗಿಯೇ ಬೇರುಬಿಟ್ಟಿತು. ಹೊಲಿಗೆ ಕೆಲಸ ಮಾಡುವ ಕಿವಿಯಣ್ಣನ ತಂಗಿ ಸೇರಿದಳು. ಆಸ್ಪತ್ರೆಯ ನರ್ಸಮ್ಮ ಸೇರಿದರು. ಎರಡು ತಿಂಗಳಲ್ಲಿ ಹತ್ತು ತಲೆ ಕೂಡಿ ಎಂಟು ಲಕ್ಷ ಒಟ್ಟಾಯಿತು. ಮರಿಯ ಬೆಲೆ ಆರರೊಳಗೆ ಮುಗಿದರೆ ಉಳಿದದ್ದು ತರಬೇತಿಗೆ ಮತ್ತು ಮೊದಲ ವರ್ಷದ ಮೇವಿಗೆ. ಮರಿಯನ್ನು ಆರಿಸುವ ಭಾರ ಕಿವಿಯಣ್ಣನ ಮೇಲೆ ಬಿತ್ತು. ಆದರೆ ಹರಾಜಿನಲ್ಲಿ ಬೆಲೆ ಕೂಗುವ ಕೆಲಸವನ್ನು ಅವನಿಗೆ ಕೊಡಲು ತಂಗಿ ಸುತರಾಂ ಒಪ್ಪಲಿಲ್ಲ.

“ನಿನ್ನ ಮುಖ ಅಂಗಡಿ ಬೋರ್ಡು ಇದ್ದ ಹಾಗೆ, ಅಣ್ಣ. ನಿನಗೆ ಮರಿ ಹಿಡಿಸ್ತು ಅಂದ್ರೆ ಬೀದಿಯವರೆಲ್ಲ ಓದಿಬಿಡ್ತಾರೆ. ವ್ಯಾಪಾರಿಗಳು ಕಾಯೋದೇ ಅದಕ್ಕೆ. ಹಿಡಿಸಿದ ಮರಿ ಬಂದಾಗ ನೀನು ಟೋಪಿ ತೆಗಿ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ.”

“ಆಯ್ತು ಪುಟ್ಟಿ. ಟೋಪಿ ತೆಗೀತೀನಿ, ಕೈ ಎತ್ತೋದಿಲ್ಲ,” ಎಂದು ಉಳಿದ ಒಂಬತ್ತೂ ಜನರ ಎದುರಿಗೆ ಅವನು ಮಾತು ಕೊಟ್ಟ.

ಹರಾಜಿನ ದಿನ ಬಂತು. ಬೆಳಗಿನ ಎಳೆಬಿಸಿಲಿನಲ್ಲಿ ಲಾಯಗಳ ಅಂಗಳವೆಲ್ಲ ಒಣಹುಲ್ಲಿನ ವಾಸನೆ, ಹೇಷಾರವ, ಬಕೆಟ್ಟುಗಳ ಸದ್ದು. ವರ್ಷ ತುಂಬಿದ ಮರಿಗಳು ಮೈ ಮಿರಿಮಿರಿ ಮಿಂಚಿಸುತ್ತ ಒಂದರ ಹಿಂದೊಂದು ನಡೆದವು. ಕಿವಿಯಣ್ಣ ಬೆನ್ನು ತಿರುಗಿಸಿ ನಿಂತ. ಹನ್ನೆರಡು ಹೋದವು, ಅವನ ಮುಖ ಕದಲಲಿಲ್ಲ. ಹದಿಮೂರನೆಯದು ಬಂತು. ಟಕ್, ಟಕ್, ಟಕ್, ಟಕ್! ಅಳುಕಿಲ್ಲ, ಆತುರವಿಲ್ಲ, ನಾಲ್ಕೂ ಒಂದೇ ತೂಕ. ಕಣ್ಣು ತೆರೆದು ನೋಡಿದರೆ ಕಂದು ಬಣ್ಣದ ಹೆಣ್ಣು ಮರಿ; ಹೊಟ್ಟೆ ಸಣ್ಣದು, ಒಂದು ಕಿವಿ ಜೋತುಬಿದ್ದಿದೆ; ಯಾರೂ ಎರಡನೆಯ ಸಲ ತಿರುಗಿ ನೋಡದಂಥದು. ಅವನ ಎದೆ ಲಾಳ ಬಡಿಯುವ ಸುತ್ತಿಗೆಯಂತೆ ಬಡಿದುಕೊಂಡಿತು. ಬೋರ್ಡನ್ನು ಮರೆಮಾಡಲು ಅವನು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ.

ಹರಾಜಿನ ಮನೆ ದುಂಡಗಿತ್ತು. ನಡುವೆ ಮರಿ ತಿರುಗುವ ಬಯಲು, ಸುತ್ತ ಮೆಟ್ಟಿಲುಗಳು, ಅಲ್ಲಲ್ಲಿ ದಪ್ಪ ಕಂಬಗಳು. ಕಿವಿಯಣ್ಣ ಎಡಗಡೆ ಕುಳಿತ; ತಂಗಿ ಬಲಗಡೆ ಅವನನ್ನೇ ನೋಡುತ್ತ ನಿಂತಳು. ಕಂದು ಮರಿ ಒಳಗೆ ಬರುತ್ತಲೇ ಅವನು ಟೋಪಿ ತೆಗೆದ. ಅವಳು ನೋಡಿದಳು. ಆದರೆ ಅದೇ ಗಳಿಗೆಯಲ್ಲಿ ಜನ ನೂಕಿಕೊಂಡು ಬಂದು ಅವಳನ್ನು ಕಂಬದ ಹಿಂದಕ್ಕೆ ತಳ್ಳಿಬಿಟ್ಟರು. ಅಣ್ಣನಿಗೆ ತಂಗಿ ಕಾಣಲಿಲ್ಲ, ತಂಗಿಗೆ ಅಣ್ಣ ಕಾಣಲಿಲ್ಲ.

“ಮೂರು ಲಕ್ಷ! ಮೂರೂವರೆ! ಬಲಗಡೆ ನಾಲ್ಕು!” ಹರಾಜುಗಾರನ ನಾಲಿಗೆ ಓಡತೊಡಗಿತು. ಎಡಗಡೆಯ ಬಿಳಿ ಟೋಪಿಯ ವ್ಯಾಪಾರಿಯೊಬ್ಬ ಐದರವರೆಗೆ ಬಂದು, ತಲೆಯಾಡಿಸಿ, ಕೈ ಕಟ್ಟಿ ಕುಳಿತ. “ಕಂಬದ ಹತ್ತಿರ ಐದೂವರೆ! ಐದೂವರೆಗೆ ಕೊಟ್ಟುಬಿಡಲೇ?” ಸುತ್ತಿಗೆ ಮೇಲೆದ್ದಿತು.

ಆ ಐದೂವರೆ ತಂಗಿಯದೇ ಆಗಿತ್ತು! ಆದರೆ ಕಿವಿಯಣ್ಣನಿಗೆ ಅದು ತಿಳಿಯದು. ತಂಗಿಯನ್ನು ಜನ ಹೊರಗೆ ನೂಕಿಬಿಟ್ಟಿರಬೇಕು, ಕಂಬದ ಬಳಿ ಯಾರೋ ಸಿರಿವಂತ ನಿಂತಿರಬೇಕು ಎಂದುಕೊಂಡ. ನಲವತ್ತು ವರ್ಷದ ಆಸೆ ಕಣ್ಣೆದುರೇ ಪರರ ಪಾಲಾಗುತ್ತಿದೆ! ಕೊಟ್ಟ ಮಾತು ಎಲ್ಲಿ ಹೋಯಿತೋ, ಅವನ ಕೈ ಗಕ್ಕನೆ ಮೇಲೆದ್ದಿತು.

“ಎಡಗಡೆ ಆರು!”

ಕಂಬದ ಹಿಂದಿದ್ದ ತಂಗಿ ಹಲ್ಲು ಕಚ್ಚಿದಳು. ಬಿಳಿ ಟೋಪಿಯವನು ಮತ್ತೆ ಎದ್ದ ಎಂದೇ ಅವಳೆಣಿಕೆ. ಬೆಲೆ ಏರಿಸುವ ಗುರುತಿಗೆ ಕೈಯಲ್ಲಿದ್ದ ಪೆನ್ಸಿಲ್ ಎತ್ತಿದಳು. ಆರೂವರೆ. ಅಣ್ಣ ಏಳು. ತಂಗಿ ಏಳೂವರೆ. ಜನ ಎದ್ದು ನಿಂತರು. ಜೋಲುಗಿವಿಯ ಮರಿಗೆ ಇಷ್ಟೊಂದು ಜಗ್ಗಾಟವೇ! ಯಾರ ದನಿಯೂ ಗುರುತು ಸಿಗದ ಆ ಗದ್ದಲದಲ್ಲಿ ಕಿವಿಯಣ್ಣ ಬೆಂಚಿನ ಮೇಲೆ ಹತ್ತಿ ಗಂಟಲು ಹರಿಯುವಂತೆ “ಎಂಟು!” ಎಂದ. ಟಣ್! ಸುತ್ತಿಗೆ ಬಿದ್ದಿತು.

ಕುಣಿಯುತ್ತಲೇ ಕಂಬವನ್ನು ಸುತ್ತಿ ಓಡಿದರೆ ಅಲ್ಲಿ ತಂಗಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು.

“ಹೋಯ್ತು ಅಣ್ಣ, ನಮ್ಮ ಮರಿ ಹೋಯ್ತು! ಎಡಗಡೆ ಆ ತಲೆಕೆಟ್ಟವನು ಎಂಟಕ್ಕೆ ಹಾರಿಸಿಬಿಟ್ಟ!”

ಕಿವಿಯಣ್ಣ ಕುಣಿತ ನಿಲ್ಲಿಸಿದ. “ಪುಟ್ಟಿ... ಎಡಗಡೆ ತಲೆಕೆಟ್ಟವನು ನಾನೇ ಕಣೇ.”

ಮರಿ ಅವರದೇ, ಆದರೆ ಐದೂವರೆಯ ಮೇಲಿನ ಎರಡೂವರೆ ಲಕ್ಷ ಒಡಹುಟ್ಟಿದವರ ಪೈಪೋಟಿಗೆ ಸಂದಿತ್ತು. ಮೇವಿಗೆ ಬಿಡಿಗಾಸೂ ಉಳಿದಿರಲಿಲ್ಲ. ಸಂಗತಿ ತಿಳಿದರೆ ಹತ್ತರಲ್ಲಿ ಐವರು ಪಾಲು ಕೇಳಿ ಎದ್ದು ಹೋಗಬಹುದು. ಆಗ ಮರಿಯನ್ನು ಮಾರಲೇಬೇಕು.

ತಂಗಿ ದನಿ ತಗ್ಗಿಸಿದಳು. “ಯಾರಿಗೂ ಗೊತ್ತಾಗಲ್ಲ ಅಣ್ಣ. ಬೇರೆಯವರು ಏರಿಸಿದ್ರು ಅಂದ್ರಾಯ್ತು.”

ಪ್ರಿಯರೇ, ಆ ಗಳಿಗೆಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಒಂದು ಸಣ್ಣ ಸುಳ್ಳು, ಅದರಾಚೆಗೆ ಬಾಳಿನ ಬಯಕೆಯೆಲ್ಲ ಕೈಗೆಟಕುವಂತೆ ನಿಂತಿದೆ! ಕಿವಿಯಣ್ಣ ಕಣ್ಣು ಮುಚ್ಚಿದ. ಆಚೆ ಅಂಗಳದ ಕಲ್ಲುಹಾಸಿನ ಮೇಲೆ ಮರಿಯನ್ನು ನಡೆಸಿಕೊಂಡು ಹೋಗುತ್ತಿದ್ದರು. ಟಕ್, ಟಕ್, ಟಕ್, ಟಕ್.

“ಆ ನಡೆ ಕೇಳು, ಪುಟ್ಟಿ. ಅದರಲ್ಲಿ ಎಲ್ಲಾದರೂ ಕುಂಟು ಇದೆಯಾ? ನಾಳೆಯಿಂದ ನಾನು ಅವರ ಮುಂದೆ ಕುಂಟಬೇಕಾ? ಬಾ.”

ಉಳಿದವರು ಗೇಟಿನ ಬಳಿ ಮರಿಯ ಹಗ್ಗ ಹಿಡಿದು ಕಾಯುತ್ತಿದ್ದರು. ಕಿವಿಯಣ್ಣ ಟೋಪಿ ತೆಗೆದು ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದ. “ಕೈ ಎತ್ತೋದಿಲ್ಲ ಅಂದಿದ್ದೆ, ಎತ್ತಿದೆ. ತಪ್ಪು ನನ್ನದು, ಇವಳದಲ್ಲ. ಪಾಲು ಬೇಕಾದವರು ಕೇಳಿ, ಮರಿ ಮಾರಿ ಕೊಡ್ತೀನಿ.”

ನರ್ಸಮ್ಮ ಮರಿಯ ಗೊರಸುಗಳನ್ನೇ ನೋಡುತ್ತಿದ್ದರು. ಕೊನೆಗೆ ಕ್ಷೌರಿಕ ಕೆಮ್ಮಿದ.

“ಅಲ್ಲಪ್ಪಾ, ಇಡೀ ಹರಾಜಿನಲ್ಲಿ ಜಗಳ ಆಡೋಕೆ ನಿನಗೆ ಸ್ವಂತ ತಂಗಿನೇ ಸಿಕ್ಕಳಾ?”

ಯಾರೋ ಕಿಸಕ್ಕೆಂದರು; ಮತ್ತೆ ಹತ್ತೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾದ ಮೇಲೆ ನರ್ಸಮ್ಮ ಕೇಳಿದರು: “ಕಿವಿಯಣ್ಣ, ನಿಮ್ಮ ಕಿವಿ ಏನು ಹೇಳುತ್ತೆ? ಅದನ್ನ ಹೇಳಿ.”

“ನಲವತ್ತು ವರ್ಷದಲ್ಲಿ ಇಂಥ ಹೆಜ್ಜೆ ಕೇಳಿಲ್ಲ, ನರ್ಸಮ್ಮ.”

“ಹಾಗಿದ್ರೆ ಮಾರೋ ಮಾತು ಬಿಡಿ. ಈಗ ತಾನೆ ನಿಮ್ಮ ತಪ್ಪು ನೀವೇ ಹೇಳಿದ್ರಲ್ಲ, ಇನ್ನು ನೀವು ಹೇಳಿದ್ದನ್ನೆಲ್ಲ ನಂಬಬಹುದು.”

ಮೇವಿನ ದಾರಿಯನ್ನು ಕಿವಿಯಣ್ಣನೇ ಕಂಡುಕೊಂಡ. ಮರಿಯನ್ನು ಪಳಗಿಸುವ ತರಬೇತುದಾರನ ಲಾಯದಲ್ಲಿ ಇಪ್ಪತ್ತಾರು ಕುದುರೆಗಳಿದ್ದವು. ಎರಡು ವರ್ಷ ಅವೆಲ್ಲಕ್ಕೂ ಕೂಲಿಯಿಲ್ಲದೆ ಲಾಳ ಹೊಡೆಯುವುದು; ಬದಲಿಗೆ ಮರಿಗೆ ಮೇವು, ತರಬೇತಿ. ಅರವತ್ತರ ಅಂಚಿನಲ್ಲಿ ಅವನ ಸೊಂಟ ಮುಲುಗುಟ್ಟಿತು, ಮನಸ್ಸು ಮಾತ್ರ ಹಾಡಿತು. ಮರಿಗೆ ಹತ್ತೂ ಜನ ಕೂಡಿ ಇಟ್ಟ ಹೆಸರು “ತಂಗಿಯ ಹಟ”.

ಎರಡನೆಯ ವರ್ಷ ಅದು ಮೊದಲ ಸಲ ಓಡಿದಾಗ ಒಂಬತ್ತು ಜನ ಕಟಕಟೆಗೆ ಎದೆಯೊತ್ತಿ ಕೂಗಿದರು. ಕಿವಿಯಣ್ಣ ಮಾತ್ರ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ನಿಂತಿದ್ದ. ಹನ್ನೊಂದು ಕುದುರೆಗಳ ಗುಡುಗಿನೊಳಗೆ ತನ್ನ ಮರಿಯ ಹೆಜ್ಜೆಯನ್ನು ಆರಿಸಿಕೊಂಡು, “ಬಂತು, ಪುಟ್ಟಿ, ಮುಂದೆ ಬಂತು!” ಎಂದು ಚೀರಿದ. ಗೆದ್ದ ಕುದುರೆಗಿಂತ ಅರ್ಧ ಕತ್ತಿನಷ್ಟೇ ಹಿಂದೆ ಉಳಿದು ಎರಡನೆಯದಾಗಿ ಬಂತು. ಕ್ಷೌರಿಕ ಅಲ್ಲಿಯೇ ಅದರ ಜುಟ್ಟು ಬಾಚಿದ.

ಪ್ರಿಯರೇ, ಅಂದು ಗೇಟಿನ ಬಳಿ ಕಿವಿಯಣ್ಣ ಬಾಯಿ ಮುಚ್ಚಿಕೊಂಡಿದ್ದರೆ ಈ ಹತ್ತು ಮಂದಿ ಒಂದೇ ಹಗ್ಗ ಹಿಡಿದು ನಗುವ ದಿನ ಬರುತ್ತಿತ್ತೇ? ನಿಮ್ಮ ಎದೆಯಲ್ಲೂ ಮುಚ್ಚಿಟ್ಟ ತಪ್ಪೊಂದು ಇದ್ದರೆ ನಾಳೆಗೆ ಮುಂದೂಡಬೇಡಿ. ದೇವರ ಮೇಲೆ ಭಾರ ಹಾಕಿ, ಟೋಪಿ ತೆಗೆದು, ನಿಮ್ಮನ್ನು ನಂಬಿದವರ ಎದುರಿಗೆ ಇಂದೇ ಹೋಗಿ ನಿಲ್ಲಿ. ನಿಮ್ಮ ಬಾಯಿಂದಲೇ ಹೇಳಿಬಿಡಿ.